ಯಾವ ಕಾಲು, ಯಾವ ನರ, ಎಷ್ಟು ಕಡಿದಿದೆ: ಐಸಿಡಿ-10-ಸಿಎಂ ಪುಸ್ತಕದ ಜೊತೆ ಮೂರು ವರ್ಷ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಅಮ್ಮ ಊರಿಂದ ಫೋನ್ ಮಾಡಿದರು. ಚಿಕ್ಕಪ್ಪ ತೋಟದಲ್ಲಿ ಹುಲ್ಲು ಹೊಡೆಯುತ್ತಿದ್ದಾಗ ಮಷಿನ್ನಿನ ಬ್ಲೇಡು ಕಾಲಿಗೆ ತಾಗಿದೆ, "ನರ ಕಟ್ಟಾಗಿದೆಯಂತೆ", ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದಾರೆ. ನಾನು ಕೇಳಿದ ಮೊದಲ ಪ್ರಶ್ನೆ: "ಯಾವ ಕಾಲು?" ಎರಡನೆಯದು: "ಮಂಡಿಗಿಂತ ಮೇಲಾ, ಕೆಳಗಾ?" ಮೂರನೆಯದು: "ನರ ಅಂದ್ರೆ ಯಾವುದು?" ಅಮ್ಮ ಒಂದು ಕ್ಷಣ ಸುಮ್ಮನಿದ್ದು, "ನಿಂಗೇನು ತಲೆ ಕೆಟ್ಟಿದ್ಯಾ? ಮೊದಲು ಹೇಗಿದ್ದಾರೆ ಅಂತ ಕೇಳು" ಎಂದು ಬೈದರು.

ಚಿಕ್ಕಪ್ಪ ಈಗ ಆರಾಮಾಗಿದ್ದಾರೆ. ಆದರೆ ನನ್ನ ಬಾಯಿಂದ ಆ ಮೂರು ಪ್ರಶ್ನೆ ಹಾಗೆ ಬಂದದ್ದಕ್ಕೆ ಕಾರಣ ಒಂದು ಪುಸ್ತಕ. ಇವತ್ತು ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ಐಸಿಡಿ-10-ಸಿಎಂ, ಅಂದರೆ ಅಮೆರಿಕದ ಆಸ್ಪತ್ರೆಗಳು ರೋಗಕ್ಕೂ ಗಾಯಕ್ಕೂ ಹಾಕುವ ಕೋಡ್‌ಗಳ ಅಚ್ಚಾದ ಪುಸ್ತಕ. ನಾನು ಬೆಂಗಳೂರಿನಲ್ಲಿ ಮೆಡಿಕಲ್ ಕೋಡರ್. ಎಮರ್ಜೆನ್ಸಿ ಮತ್ತು ಟ್ರಾಮಾ ಚಾರ್ಟ್‌ಗಳು, ಅಂದರೆ ರೋಗಿಗಳ ದಾಖಲೆಗಳು, ನನ್ನ ಪಾಲಿಗೆ. ಕೆಲಸ ಹಗಲಲ್ಲೇ. ಅಮೆರಿಕದ ಕೆಲಸ ಅಂದ ತಕ್ಷಣ ಎಲ್ಲರೂ "ನೈಟ್ ಶಿಫ್ಟಾ?" ಅಂತ ಕೇಳುತ್ತಾರೆ. ರಾತ್ರಿ ಕೂರುವವರು ವಿಮಾ ಕಂಪನಿಗೆ ಫೋನ್ ಮಾಡುವ ಎಆರ್ ಕಾಲರ್‌ಗಳು. ಚಾರ್ಟ್ ಓದಿ ಕೋಡ್ ಹಾಕುವುದಕ್ಕೆ ಹಗಲಾದರೇನು, ರಾತ್ರಿಯಾದರೇನು.

ಪುಸ್ತಕವನ್ನು ನಾನು ಕೊಂಡದ್ದು ಕೆಲಸ ಬಿಟ್ಟು ಹೋಗುತ್ತಿದ್ದ ಸೀನಿಯರ್ ಒಬ್ಬರಿಂದ, 2,200 ರೂಪಾಯಿಗೆ. ಹೊಸದರ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಸಾವಿರ ಪುಟ ದಾಟಿದ ಪುಸ್ತಕ. ಬ್ಯಾಗಿನಲ್ಲಿ ಹಾಕಿಕೊಂಡು ಮೆಟ್ರೋದಲ್ಲಿ ನಿಂತರೆ ಭುಜ ಒಂದು ಕಡೆ ವಾಲುತ್ತದೆ. ಕಾಗದ ತೀರಾ ತೆಳು, ಹಿಂದಿನ ಪುಟದ ಅಕ್ಷರ ಈ ಪುಟಕ್ಕೆ ಇಣುಕುತ್ತದೆ. ಅಕ್ಷರ ಸಾಸಿವೆ ಗಾತ್ರ. ಒಳಗಿನ ಕೋಡ್‌ಗಳು ಸರ್ಕಾರದವು. ಅದನ್ನು ಬೇರೆ ಬೇರೆ ಪ್ರಕಾಶಕರು ಬಣ್ಣ, ಗುರುತು, ಚಿತ್ರ ಸೇರಿಸಿ ಅಚ್ಚು ಹಾಕುತ್ತಾರೆ. ಹಾಗಾಗಿ ನನ್ನ ಪ್ರತಿಯ ಪ್ರಕಾಶಕರ ಹೆಸರು ಇಲ್ಲಿ ಮುಖ್ಯ ಅಲ್ಲ.

ಇಡೀ ಪುಸ್ತಕಕ್ಕೆ ವಿಮರ್ಶೆ ಬರೆಯಲು ಹೊರಟರೆ ಈ ಜನ್ಮ ಸಾಲದು, 70 ಸಾವಿರಕ್ಕೂ ಜಾಸ್ತಿ ಕೋಡ್ ಇವೆ. ಅದಕ್ಕೇ ನಾನು ಒಂದು ಮೂಲೆ ಹಿಡಿದುಕೊಂಡಿದ್ದೇನೆ. ಕಾಲಿನ ರಕ್ತನಾಳದ ಗಾಯಗಳು, ಅದರಲ್ಲೂ ವೇನ್‌ಗಳು, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳಗಳು. ಎಸ್75, ಎಸ್85, ಎಸ್95. ಈ ಮೂರು ಶೀರ್ಷಿಕೆಗಳಲ್ಲಿ ಪುಸ್ತಕದ ಎಲ್ಲ ಗುಣ, ಎಲ್ಲ ಕಿರಿಕಿರಿ ಕಾಣಿಸುತ್ತವೆ.

ಮೊದಲು ನಮ್ಮ ಭಾಷೆಯ ಕಷ್ಟ ಹೇಳಿಬಿಡುತ್ತೇನೆ. ಕನ್ನಡದಲ್ಲಿ ನಾವು "ನರ" ಅಂದರೆ ಎಲ್ಲವೂ ಬಂತು. ಕೈ ಮೇಲೆ ನೀಲಿಯಾಗಿ ಕಾಣುವುದು ನರ. ನರ್ಸ್ ಸೂಜಿ ಚುಚ್ಚಲು ಹುಡುಕುವುದು ನರ. ಕಾಲು ಜೋಮು ಹಿಡಿದರೆ ಅದೂ ನರದ ತೊಂದರೆ. ಹಿಮ್ಮಡಿ ಹಿಂದಿನ ಗಟ್ಟಿ ಹಗ್ಗದಂಥದ್ದೂ ಕೆಲವರಿಗೆ ನರವೇ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅಪಧಮನಿ, ಅಭಿಧಮನಿ ಅಂತ ಓದಿದ್ದೇವೆ, ಪರೀಕ್ಷೆ ಮುಗಿದ ಮೇಲೆ ಆ ಪದಗಳನ್ನು ಯಾರೂ ಬಾಯಿಗೆ ತಂದಿಲ್ಲ. ಪುಸ್ತಕದಲ್ಲಿ ಈ ಒಂದು "ನರ" ಮೂರು ಮನೆಗಳಿಗೆ ಒಡೆದು ಹೋಗುತ್ತದೆ. ಮಂಡಿಯಿಂದ ಕೆಳಗೆ ನರ್ವ್ ಕಡಿದರೆ ಎಸ್84. ರಕ್ತನಾಳ ಕಡಿದರೆ ಎಸ್85. ಸ್ನಾಯು, ಸ್ನಾಯುರಜ್ಜು ಕಡಿದರೆ ಎಸ್86. ಮೂರೂ ಅಕ್ಕಪಕ್ಕ. ಆದರೆ ಒಂದಕ್ಕೆ ಇನ್ನೊಂದು ಹಾಕಿದರೆ ಆಡಿಟ್‌ನಲ್ಲಿ ಕೆಂಪು ಗೆರೆ ಗ್ಯಾರಂಟಿ.

"ಕಾಲು" ಅನ್ನುವ ಪದಕ್ಕೂ ಇದೇ ಗತಿ. ತೊಡೆಯಿಂದ ಹೆಬ್ಬೆರಳ ತನಕ ನಮಗೆ ಕಾಲೇ. ಪುಸ್ತಕ ಅದನ್ನು ಮೂರು ತುಂಡು ಮಾಡುತ್ತದೆ: ಸೊಂಟ ಮತ್ತು ತೊಡೆಯ ಮಟ್ಟಕ್ಕೆ ಎಸ್75, ಮಂಡಿಯಿಂದ ಕೆಳಗಿನ ಭಾಗಕ್ಕೆ ಎಸ್85, ಹರಡು ಮತ್ತು ಪಾದಕ್ಕೆ ಎಸ್95. ಇದರಲ್ಲಿ ತಮಾಷೆಯ ನಾಳ ಯಾವುದು ಅಂದರೆ ಗ್ರೇಟರ್ ಸಫೀನಸ್ ವೇನ್. ದೇಹದ ಅತಿ ಉದ್ದದ ವೇನ್ ಅದು. ಹರಡಿನ ಒಳಬದಿಯ ಮೂಳೆಗುಬ್ಬಿನ ಮುಂದಿನಿಂದ ಹೊರಟು, ಕಾಲಿನ ಒಳಬದಿಯಲ್ಲೇ ಏರಿ, ತೊಡೆಸಂದಿಯ ಹತ್ತಿರ ಫೆಮೊರಲ್ ವೇನ್ ಸೇರುತ್ತದೆ. ಹಾಗಾಗಿ ಒಂದೇ ನಾಳಕ್ಕೆ ಪುಸ್ತಕದಲ್ಲಿ ಎರಡು ವಿಳಾಸ. ತೊಡೆಯಲ್ಲಿ ಕಡಿದರೆ ಎಸ್75.2, ಮೀನಖಂಡದ ಮಟ್ಟದಲ್ಲಿ ಕಡಿದರೆ ಎಸ್85.3. ಶರಾವತಿ ನದಿ ಒಂದೇ ಆದರೂ ತಾಲೂಕು ಬದಲಾದರೆ ಕಚೇರಿ ಬದಲಾಗುತ್ತದಲ್ಲ, ಹಾಗೆ.

ಪುಸ್ತಕವನ್ನು ಬಳಸುವುದು ಹೇಗೆ ಅಂತ ತೋರಿಸಲು ಒಂದು ಚಾರ್ಟ್ ಹೇಳುತ್ತೇನೆ. ಇದು ಯಾರೊಬ್ಬರದೂ ಅಲ್ಲ, ನಾನೇ ಕಟ್ಟಿದ್ದು, ಆದರೆ ಇಂಥವು ಬರುತ್ತಲೇ ಇರುತ್ತವೆ. ಒಬ್ಬ ವ್ಯಕ್ತಿ ಗಾಜಿನ ಬಾಗಿಲಿಗೆ ಡಿಕ್ಕಿ ಹೊಡೆದು ಬಲತೊಡೆಯ ಒಳಬದಿ ಸೀಳಿಕೊಂಡಿದ್ದಾನೆ. ಎಮರ್ಜೆನ್ಸಿ ಡಾಕ್ಟರು "ಗ್ರೇಟರ್ ಸಫೀನಸ್ ವೇನ್ ಲ್ಯಾಸರೇಶನ್" ಅಂತ ಬರೆದು ಆಪರೇಶನ್‌ಗೆ ಕಳಿಸಿದ್ದಾರೆ. ಲ್ಯಾಸರೇಶನ್ ಅಂದರೆ ಸೀಳುಗಾಯ.

ಫ್ರೆಶರ್ ಮಾಡುವ ಮೊದಲ ತಪ್ಪು, ಪುಸ್ತಕದ ಅಕ್ಷರಾನುಕ್ರಮ ಸೂಚಿಯಲ್ಲಿ "ಲ್ಯಾಸರೇಶನ್" ಹುಡುಕುವುದು. ಅಲ್ಲಿ ತೊಡೆ ಅಂತ ನೋಡಿದರೆ ಸಿಗುವುದು ಚರ್ಮದ ಗಾಯ. "ಇಂಜುರಿ" ತೆಗೆಯಬೇಕು, ಅದರ ಕೆಳಗೆ "ಬ್ಲಡ್ ವೆಸಲ್", ಅದರ ಕೆಳಗೆ "ಸಫೀನಸ್ ವೇನ್". ಪುಟಗಟ್ಟಲೆ ಇಳಿಯುವ ಪಟ್ಟಿ, ಒಂದೊಂದು ಹಂತಕ್ಕೂ ಒಂದು ಚಿಕ್ಕ ಗೆರೆ ಒಳಗೆ ಸರಿಯುತ್ತದೆ. ಕಣ್ಣು ಒಂದು ಗೆರೆ ತಪ್ಪಿದರೆ ಕಾಲಿನಿಂದ ಕೈಗೆ ಹೋಗಿರುತ್ತೀರಿ. ನಾನು ಈಗಲೂ ಸ್ಕೇಲ್ ಇಟ್ಟುಕೊಂಡೇ ಓದುವುದು. ಸೂಚಿಯಲ್ಲಿ ಕೋಡಿನ ಕೊನೆಗೆ ಒಂದು ಅಡ್ಡಗೆರೆ ಇದ್ದರೆ "ಇನ್ನೂ ಮುಗಿದಿಲ್ಲ, ಕೋಡ್‌ಗಳ ಮುಖ್ಯ ಪಟ್ಟಿಗೆ ಹೋಗು" ಅಂತ ಅರ್ಥ.

ಆ ಮುಖ್ಯ ಪಟ್ಟಿಯಲ್ಲಿ, ಎಸ್75.2 ಒಳಗೆ, ನಾಲ್ಕು ಬಾಗಿಲು. ಎಂಥ ಗಾಯ ಅಂತ ಹೇಳಿಲ್ಲದಿದ್ದರೆ ಎಸ್75.20. ಸಣ್ಣ ಸೀಳು ಎಸ್75.21. ದೊಡ್ಡ ಸೀಳು ಎಸ್75.22. ಬೇರೆ ನಿರ್ದಿಷ್ಟ ಗಾಯ ಎಸ್75.29. ಈಗ ಸಣ್ಣದು ಯಾವುದು, ದೊಡ್ಡದು ಯಾವುದು? ಚರ್ಮದ ಮೇಲಿನ ಗಾಯದ ಉದ್ದ ಅಳೆದು ಹೇಳುವುದಲ್ಲ ಅದು. ನಾಳ ಪೂರ್ತಿ ಎರಡು ತುಂಡಾಗಿದ್ದರೆ, ಅಥವಾ ಪೆಟ್ಟು ಬಿದ್ದು ಒಡೆದಿದ್ದರೆ, ದೊಡ್ಡದು. ಅರ್ಧ ಕಡಿದಿದ್ದರೆ, ಮೇಲುಮೇಲೆ ಮಾತ್ರ ಗೀರಿದ್ದರೆ, ಸಣ್ಣದು. ಮತ್ತೆ ಒಂದು ಸಾಲು ಇದೆ, ಅದನ್ನು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಡಾಕ್ಟರು ಸುಮ್ನೆ "ಲ್ಯಾಸರೇಶನ್" ಅಂತ ಬರೆದು ಬೇರೇನೂ ಹೇಳದಿದ್ದರೆ, ಅದೂ ಸಣ್ಣದಕ್ಕೇ ಸೇರುತ್ತದೆ.

ಅಂದರೆ ಎಮರ್ಜೆನ್ಸಿ ಡಾಕ್ಟರ ಟಿಪ್ಪಣಿ ಒಂದನ್ನೇ ನಂಬಿದರೆ ಎಸ್75.21. ಆದರೆ ಸರ್ಜನ್ನರ ಆಪರೇಶನ್ ಟಿಪ್ಪಣಿ ಮೂರನೇ ಪುಟದಲ್ಲಿದೆ. ಅಲ್ಲಿ "ವೇನ್ ಪೂರ್ತಿ ತುಂಡಾಗಿತ್ತು, ಎರಡೂ ತುದಿ ಕಟ್ಟಿದೆವು, ಒಂದು ಗಾಜಿನ ಚೂರು ತೆಗೆದೆವು" ಅಂತ ಇದೆ. ಆ ಒಂದು ವಾಕ್ಯಕ್ಕೆ ಎರಡು ಕೋಡ್ ಬದಲಾಗುತ್ತವೆ. ವೇನ್ ಎಸ್75.22ಕ್ಕೆ ಏರುತ್ತದೆ. ಬಲಗಾಲಾದ್ದರಿಂದ ಆರನೇ ಅಂಕಿ 1, ಚಿಕಿತ್ಸೆ ನಡೆಯುತ್ತಿರುವುದರಿಂದ ಏಳನೆಯದು ಎ. ಒಟ್ಟು ಎಸ್75.221ಎ. ಜೊತೆಗೆ ತೊಡೆಯ ತೆರೆದ ಗಾಯವನ್ನೂ ಹಾಕಿ ಅಂತ ಎಸ್75ರ ತಲೆಯಲ್ಲೇ ಸೂಚನೆ ಇದೆ. ಗಾಜಿನ ಚೂರು ಒಳಗಿದ್ದದ್ದರಿಂದ ಎಸ್71.111 ಅಲ್ಲ, ಎಸ್71.121ಎ. ಗಾಜು ತಾಗಿದ್ದಕ್ಕೆ ಡಬ್ಲ್ಯೂ25. ಅದಕ್ಕೆ ಮೂರು ಎಕ್ಸ್ ತುಂಬಿಸಿ ಕೊನೆಗೆ ಎ ಹಾಕಬೇಕು. ಏಳನೇ ಅಕ್ಷರ ಏಳನೇ ಜಾಗದಲ್ಲೇ ಕೂರಬೇಕಲ್ಲ, ನಡುವಿನ ಖಾಲಿ ಜಾಗಕ್ಕೆ ಎಕ್ಸ್ ಅನ್ನುವ ಡಮ್ಮಿ.

ಇಲ್ಲಿ ಪುಸ್ತಕದ ಮೇಲೆ ನನ್ನ ಮೊದಲ ದೂರು. "ಕೋಡ್ ಆಲ್ಸೋ" ಅನ್ನುವ ಸೂಚನೆ ಎರಡನ್ನೂ ಹಾಕು ಅನ್ನುತ್ತದೆ, ಯಾವುದು ಮೊದಲು ಅಂತ ಹೇಳುವುದಿಲ್ಲ. ಅದಕ್ಕೆ ಪುಸ್ತಕದ ಮುಂಭಾಗದ ಮಾರ್ಗಸೂಚಿಗೆ ಹೋಗಬೇಕು, 19ನೇ ಅಧ್ಯಾಯದ ಭಾಗಕ್ಕೆ. ಮುಖ್ಯ ಗಾಯ ಬೇರೆ ಇದ್ದು ರಕ್ತನಾಳಕ್ಕೆ ಅಲ್ಪಸ್ವಲ್ಪ ಏಟಾಗಿದ್ದರೆ ಮುಖ್ಯ ಗಾಯ ಮೊದಲು. ರಕ್ತನಾಳದ ಗಾಯವೇ ಮುಖ್ಯವಾಗಿದ್ದರೆ ಅದು ಮೊದಲು. ಇಲ್ಲಿ ಆಪರೇಶನ್ ಮಾಡಿದ್ದೇ ವೇನ್‌ಗೆ, ಹಾಗಾಗಿ ವೇನ್ ಮೊದಲು. ನಿಯಮ ಸರಳ, ಆದರೆ ಅದು ಎಸ್75 ಪುಟದಲ್ಲಿ ಒಂದು ಸಾಲಾಗಿ ಇದ್ದಿದ್ದರೆ ನನ್ನ ಮೊದಲ ವರ್ಷದ ಅರ್ಧ ತಪ್ಪು ಆಗುತ್ತಲೇ ಇರಲಿಲ್ಲ.

ಎರಡನೇ ದೂರು, ಮೇಲೆ ಕೆಳಗೆ ಒಂದೇ ಅಳತೆ ಇಲ್ಲ. ತೊಡೆಯಲ್ಲಿ ಸಣ್ಣದು, ದೊಡ್ಡದು ಅಂತ ಇಷ್ಟೆಲ್ಲ ತಲೆ ತಿನ್ನುವ ಪುಸ್ತಕ ಮಂಡಿಯಿಂದ ಕೆಳಗೆ ಬಂದ ತಕ್ಷಣ ಕೈ ಚೆಲ್ಲುತ್ತದೆ. ಎಸ್85.31 ಅಂದರೆ ಸಫೀನಸ್ ಸೀಳು, ಅಷ್ಟೇ. ಅರ್ಧ ಕಡಿದರೂ ಅದೇ, ಪೂರ್ತಿ ಕಡಿದರೂ ಅದೇ. ಮಂಡಿ ಹಿಂದಿನ ಪಾಪ್ಲಿಟಿಯಲ್ ವೇನ್, ಎಸ್85.5, ಎಷ್ಟು ದೊಡ್ಡ ನಾಳ! ಅದಕ್ಕೂ ಸೀಳು ಅಂದರೆ ಎಸ್85.51, ಮುಗಿಯಿತು. ಯಾಕೆ ಹೀಗೆ ಅಂತ ನಮ್ಮ ಟ್ರೈನರ್ ಮೇಡಂ ಹತ್ತಿರ ಕೇಳಿದ್ದೆ. "ಪುಸ್ತಕದ ಹತ್ತಿರ ಯಾಕೆ ಅಂತ ಕೇಳಬಾರದು, ಎಲ್ಲಿ ಅಂತ ಕೇಳಬೇಕು" ಎಂದರು. ಅವರು ಹಳೆಯ ಕಾಲದವರು, ಐಸಿಡಿ-9 ಕಂಡವರು. ಅಮೆರಿಕ 2015ರ ಅಕ್ಟೋಬರ್ 1ಕ್ಕೆ ಹಳೆಯದನ್ನು ಬಿಟ್ಟು ಇದಕ್ಕೆ ಬಂತು. ಹಳೆಯದರಲ್ಲಿ ಸಫೀನಸ್ ವೇನ್ ಗಾಯ ಅಂದರೆ 904.3, ಒಂದೇ ಕೋಡ್. ಎಡವೂ ಅದೇ, ಬಲವೂ ಅದೇ, ತೊಡೆಯೂ ಅದೇ, ಮೀನಖಂಡವೂ ಅದೇ. ಅದನ್ನು ಹೇಳುವಾಗ ಮೇಡಂ ಮುಖದಲ್ಲಿ ತವರುಮನೆ ನೆನಪಾದ ಕಳೆ.

ಬಲೆಗಳ ಬಗ್ಗೆ ಹೇಳದೆ ಹೋದರೆ ಈ ವಿಮರ್ಶೆಗೆ ಅರ್ಥವಿಲ್ಲ. ಒಂದು, "ಸೂಪರ್‌ಫಿಶಿಯಲ್ ಫೆಮೊರಲ್ ವೇನ್". ಹೆಸರಲ್ಲಿ ಸೂಪರ್‌ಫಿಶಿಯಲ್ ಇದೆ, ನಾಳ ಇರುವುದು ಆಳದಲ್ಲಿ. ಅದು ಡೀಪ್ ವೇನ್. ಹೊಸಬರು ಆ ಪದ ನೋಡಿ "ಮೇಲುಮೇಲಿನ ಸೀಳು, ಸಣ್ಣದು" ಅಂತ ಎಸ್75.11 ಹಾಕಿಬಿಡುತ್ತಾರೆ. ನಾನೂ ಹಾಕಿದ್ದೆ. ವಿಶೇಷಣ ಗಾಯಕ್ಕೆ ಸೇರಿದ್ದಾ, ನಾಳಕ್ಕೆ ಸೇರಿದ್ದಾ ಅಂತ ನೋಡದೆ ಮಾಡಿದ ತಪ್ಪು. ತಪ್ಪು ಹಿಡಿಯುವ ಕ್ಯೂಸಿ ತಂಡದಿಂದ ವಾಪಸ್ ಬಂತು. ನಮ್ಮಲ್ಲಿ 95 ಶೇಕಡ ಆಕ್ಯುರಸಿ ಬೇಕು. ಆ ತಿಂಗಳು ನಾನು 94ಕ್ಕೆ ನಿಂತೆ.

ಇನ್ನೊಂದು, ಮಟ್ಟ ಹೇಳದ ಸಫೀನಸ್. ಡಾಕ್ಟರು ಬರೀ "ಸಫೀನಸ್ ವೇನ್ ಗಾಯ" ಅಂತ ಬರೆದು ತೊಡೆಯೋ ಕೆಳಗೋ ಹೇಳದಿದ್ದರೆ ಪುಸ್ತಕ ಅದನ್ನು ತಾನಾಗಿ ಎಸ್85.3ಕ್ಕೆ ತಳ್ಳುತ್ತದೆ. ನೋಡಲು ಅನುಕೂಲ, ಆದರೆ ಚಾರ್ಟಿನ ಬೇರೆ ಮೂಲೆಯಲ್ಲಿ "ತೊಡೆ" ಅಂತ ಬರೆದಿದ್ದರೆ ನೀವು ಸೋಮಾರಿ ಅಂತ ಸಾಬೀತಾಯಿತು.

ಏಳನೇ ಅಕ್ಷರದ ಹೆಸರಂತೂ ಶುದ್ಧ ಮೋಸ. ಎ ಎದುರು "ಇನಿಶಿಯಲ್ ಎನ್ಕೌಂಟರ್" ಅಂತಿದೆ. ಎಲ್ಲರೂ ಮೊದಲ ಭೇಟಿ ಅಂದುಕೊಳ್ಳುತ್ತಾರೆ. ಅಲ್ಲ. ಗಾಯಕ್ಕೆ ಸಕ್ರಿಯ ಚಿಕಿತ್ಸೆ ನಡೆಯುವಷ್ಟು ದಿನ ಎ. ಎಮರ್ಜೆನ್ಸಿಯಲ್ಲಿ ನೋಡಿದವರೂ ಎ, ಮರುದಿನ ಆಪರೇಶನ್ ಮಾಡಿದ ಹೊಸ ಸರ್ಜನ್ನೂ ಎ. ಗಾಯ ಮಾಯುತ್ತಿದೆ, ಹೊಲಿಗೆ ನೋಡಲು ಬಂದಿದ್ದಾರೆ ಅಂದರೆ ಡಿ. ವರ್ಷವಾದ ಮೇಲೆ ಆ ಗಾಯದಿಂದ ಉಳಿದ ತೊಂದರೆಗೆ ಎಸ್. ಅದೇ ರೀತಿ, ಮಂಡಿ ಆಪರೇಶನ್ ಮಾಡುವಾಗ ಕೈತಪ್ಪಿ ವೇನ್ ಸೀಳಿದರೆ ಅದು ಎಸ್85 ಅಲ್ಲವೇ ಅಲ್ಲ, ಐ97.52 ಕಡೆ ಹೋಗುತ್ತದೆ. ಅದೂ ತೊಡಕಾಗಿದೆ ಅಂತ ಡಾಕ್ಟರು ಬರೆದಿದ್ದರೆ ಮಾತ್ರ. ಕಾಲಲ್ಲಿ ಉಬ್ಬಿದ ನರ, ವೆರಿಕೋಸ್, ಅದು ಗಾಯವಲ್ಲ, ಐ83. ನಮ್ಮೂರಲ್ಲಿ ಎಲ್ಲವೂ "ನರದ ತೊಂದರೆ".

ನಗು ಬರಿಸುವ ಪುಟಗಳೂ ಇವೆ, ಸುಳ್ಳು ಹೇಳಬಾರದು. ಹಸು ಹಾಯ್ದರೆ ಡಬ್ಲ್ಯೂ55.22. ಹಸು ಕಚ್ಚಿದರೆ ಬೇರೆ, ಡಬ್ಲ್ಯೂ55.21. ಬಾತುಕೋಳಿ ಬಡಿದರೆ ಡಬ್ಲ್ಯೂ61.62. ಮರದಿಂದ ಬಿದ್ದರೆ ಡಬ್ಲ್ಯೂ14. ಇದನ್ನು ಊರಲ್ಲಿ ಹೇಳಿದಾಗ ಅಡಿಕೆ ಮರ ಹತ್ತುವ ನಮ್ಮ ಕೊನೆಗಾರರು "ನಮ್ಮನ್ನೂ ಬರೆದಿದ್ದಾರಾ!" ಅಂತ ಖುಷಿಪಟ್ಟರು.

ಇನ್ನು ಪುಸ್ತಕ ಯಾಕೆ, ಎಲ್ಲ ಆನ್‌ಲೈನ್ ಇದೆಯಲ್ಲ ಅನ್ನುವವರಿಗೆ. ನಿಜ, ಇದೆ. ಅಮೆರಿಕದ ಸಿಡಿಸಿಯ ಆರೋಗ್ಯ ಅಂಕಿಅಂಶ ಕೇಂದ್ರದ ಹುಡುಕು ಪುಟ ಪುಕ್ಕಟೆ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ನೋಡಿಕೊಳ್ಳುವ ಸಿಎಂಎಸ್ ಸಂಸ್ಥೆಯ ತಾಣದಲ್ಲಿ ಇಡೀ ಪಟ್ಟಿ, ಸೂಚಿ, ಮಾರ್ಗಸೂಚಿ ಪಿಡಿಎಫ್ ಆಗಿ ಸಿಗುತ್ತವೆ. ಆಫೀಸಿನಲ್ಲಿ ಎನ್ಕೋಡರ್ ಸಾಫ್ಟ್‌ವೇರ್ ಬೇರೆ. "ಸಫೀನಸ್" ಅಂತ ಒತ್ತಿದರೆ ಕೋಡ್ ಉದುರುತ್ತದೆ. ಕೆಲಸದ ವೇಗಕ್ಕೆ ಅದೇ ಸರಿ, ಟಾರ್ಗೆಟ್ ಮುಟ್ಟಬೇಕಲ್ಲ. ಆದರೆ ತೆರೆಯ ಮೇಲೆ ನೀವು ಒಂದು ಕೋಡನ್ನು ಮಾತ್ರ ನೋಡುತ್ತೀರಿ. ಪುಸ್ತಕದಲ್ಲಿ ಅದರ ಅಣ್ಣತಮ್ಮಂದಿರು, ತಲೆಬರಹದ ಸೂಚನೆ, "ಇದು ಇಲ್ಲಿ ಬರುವುದಿಲ್ಲ, ಅಲ್ಲಿ ನೋಡು" ಅನ್ನುವ ಸಾಲು ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಲ್ಯಾಸರೇಶನ್ ಅಂತ ಮಾತ್ರ ಬರೆದರೆ ಸಣ್ಣದು ಅನ್ನುವ ಆ ಸಾಲನ್ನು ನಾನು ಸಾಫ್ಟ್‌ವೇರ್‌ನಲ್ಲಿ ಆರು ತಿಂಗಳು ನೋಡಿರಲಿಲ್ಲ, ಯಾಕೆಂದರೆ ಅದನ್ನು ತೆರೆಯಲು ಇನ್ನೊಂದು ಕ್ಲಿಕ್ ಬೇಕಿತ್ತು. ಪುಸ್ತಕದಲ್ಲಿ ಕಂಡದ್ದು ಊಟ ಮಾಡುತ್ತಾ. ಪುಳಿಯೋಗರೆ ತಿನ್ನುತ್ತಾ ಪುಟ ತೆರೆದಿದ್ದೆ, ಒಂದು ತುತ್ತು ಸರಿಯಾಗಿ ಆ ಸಾಲಿನ ಮೇಲೆ ಬಿತ್ತು. ಒರೆಸಿದರೂ ಎಣ್ಣೆ ಕಲೆ ಹೋಗಲಿಲ್ಲ. ಓದಲಾಗದಷ್ಟು ಮಬ್ಬಾಯಿತು ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡೆ.

ಮತ್ತೆ, ಸಿಪಿಸಿ, ಅಂದರೆ ಕೋಡರ್‌ಗಳ ಪ್ರಮಾಣಪತ್ರದ ಪರೀಕ್ಷೆ ಬರೆಯುವವರಿಗೆ ಪುಸ್ತಕವೇ ದೇವರು. 100 ಪ್ರಶ್ನೆ, 4 ಗಂಟೆ, ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ. ತೆರೆದ ಪುಸ್ತಕ ಅಂದರೆ ಸುಲಭ ಅಂದುಕೊಂಡಿದ್ದೆ. ಒಂದು ಪ್ರಶ್ನೆಗೆ ಎರಡು ನಿಮಿಷ ಚಿಲ್ಲರೆ. ಪುಟ ಕೈಗೆ ಗೊತ್ತಿರಬೇಕು, ಕಣ್ಣಿಗಲ್ಲ.

ಈಗ ಚಿಕ್ಕಪ್ಪನ ಕಥೆಗೆ ಬರುತ್ತೇನೆ. ಪುಸ್ತಕ ನಿಜವಾಗಿ ಎಷ್ಟು ಬೆಲೆ ಬಾಳುತ್ತದೆ ಅಂತ ನನಗೆ ಗೊತ್ತಾದದ್ದು ಅಲ್ಲೇ.

ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆರೋಗ್ಯ ವಿಮೆ ಇತ್ತು. ಹಣ ಕಟ್ಟಿ ಬಂದು ಆಮೇಲೆ ಕ್ಲೇಮ್ ಹಾಕಿದರು. ಮೂರು ವಾರಕ್ಕೆ ವಿಮೆಯವರಿಂದ ಪತ್ರ: ರೋಗನಿರ್ಣಯ "ಕಾಲಿನ ಗಾಯ" ಅಂತಿದೆ, ಇದಕ್ಕೆ ಆಪರೇಶನ್ ಥಿಯೇಟರ್ ಖರ್ಚು ಯಾಕೆ, ವಿವರಣೆ ಕೊಡಿ. ಚಿಕ್ಕಮ್ಮ ಎಲ್ಲ ಕಾಗದ ಫೋಟೋ ತೆಗೆದು ವಾಟ್ಸಾಪ್ ಮಾಡಿದರು, "ನೀನು ಇದೇ ಕೆಲಸ ಅಲ್ವಾ ಮಾಡೋದು, ನೋಡು" ಎಂದು.

ನೋಡಿದೆ. ನಮ್ಮಲ್ಲಿ ಕ್ಲೇಮ್ ಫಾರಂನ ಎರಡನೇ ಭಾಗವನ್ನು ಆಸ್ಪತ್ರೆ ತುಂಬಬೇಕು, ಅದರಲ್ಲಿ ಐಸಿಡಿ-10 ಕೋಡಿಗೆ ಜಾಗ ಇದೆ. ತುಂಬಿದ್ದರು: ಎಸ್81.9. ಮಂಡಿಯಿಂದ ಕೆಳಗೆ ಎಲ್ಲೋ ತೆರೆದ ಗಾಯ, ಅಷ್ಟೇ. ಡಿಸ್ಚಾರ್ಜ್ ಸಮರಿಯಲ್ಲಿ "ಕಾಲಿನ ಸೀಳುಗಾಯ, ಎಲ್‌ಎಸ್‌ವಿ ಕಟ್ಟಲಾಗಿದೆ". ಯಾವ ಕಾಲು? ಬರೆದಿಲ್ಲ. ಕಟ್ಟುವ ಮೊದಲು ನಾಳದ ಸ್ಥಿತಿ ಏನಿತ್ತು? ಬರೆದಿಲ್ಲ.

ಮತ್ತೆ ಆ ಎಲ್‌ಎಸ್‌ವಿ. ನಮ್ಮ ಟೀಮಿನಲ್ಲಿ ಈ ಮೂರಕ್ಷರ ಕಂಡರೆ ಎಲ್ಲರೂ ತಲೆ ಮೇಲೆ ಕೈ ಇಡುತ್ತೇವೆ. ಕೆಲವು ಡಾಕ್ಟರಿಗೆ ಅದು ಲಾಂಗ್ ಸಫೀನಸ್ ವೇನ್, ಅಂದರೆ ಗ್ರೇಟರ್. ಇನ್ನು ಕೆಲವರಿಗೆ ಲೆಸ್ಸರ್ ಸಫೀನಸ್ ವೇನ್, ಅಂದರೆ ಮೀನಖಂಡದ ಹಿಂದೆ ಇರುವ ಚಿಕ್ಕದು. ಒಂದೇ ಮೂರಕ್ಷರ, ಪೂರ್ತಿ ಉಲ್ಟಾ ಅರ್ಥ. ಒಂದು ಎಸ್85.3, ಇನ್ನೊಂದು ಎಸ್85.4. ಚಿಕ್ಕಪ್ಪನ ಗಾಯ ಹರಡಿನ ಮೇಲೆ, ಒಳಬದಿಗೆ. ಅಲ್ಲಿರುವುದು ಲಾಂಗ್ ಅಂತ ನನಗೆ ಗೊತ್ತು. ಆದರೆ ಕೋಡರ್ ಆದವಳು ತನಗೆ ಗೊತ್ತಿದೆ ಅಂತ ಬರೆಯುವಂತಿಲ್ಲ. ಡಾಕ್ಟರು ಬರೆದದ್ದಷ್ಟೇ ನಮ್ಮದು.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ನಮ್ಮ ದೇಶದ ಫಾರಂಗೆ ನನ್ನ ಅಮೆರಿಕದ ಪುಸ್ತಕ ನೇರ ಅನ್ವಯಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ಎಸ್85.3 ಅಂದರೆ ಅಲ್ಲಿಗೆ ಮುಗಿಯಿತು. ಎಡ-ಬಲ ಇಲ್ಲ, ಎ-ಡಿ-ಎಸ್ ಇಲ್ಲ. ಆ ಬಾಲಗಳೆಲ್ಲ ಅಮೆರಿಕದವರು ಸೇರಿಸಿದ್ದು. ಆದರೂ ಫೈಲಿನಲ್ಲಿ ಏನು ಕೊರತೆ ಇದೆ ಅಂತ ನನಗೆ ಎರಡು ನಿಮಿಷದಲ್ಲಿ ಕಂಡದ್ದು ಆ ಬಾಲಗಳ ಅಭ್ಯಾಸದಿಂದಲೇ.

ನರ್ಸಿಂಗ್ ಹಾಳೆಯಲ್ಲಿ ಒಂದು ಕಡೆ "ಎಡಗಾಲು ಡ್ರೆಸ್ಸಿಂಗ್" ಅಂತಿತ್ತು. ಅಮೆರಿಕದ ಈಗಿನ ಮಾರ್ಗಸೂಚಿಯ ಪ್ರಕಾರ ಡಾಕ್ಟರು ಬದಿ ಬರೆಯದಿದ್ದರೆ ನರ್ಸ್‌ನಂಥ ಬೇರೆ ಸಿಬ್ಬಂದಿ ಬರೆದದ್ದನ್ನು ತೆಗೆದುಕೊಳ್ಳಬಹುದು. ಆದರೆ ಎರಡು ಕಡೆ ಬೇರೆ ಬೇರೆ ಇದ್ದರೆ ಡಾಕ್ಟರನ್ನೇ ಕೇಳಬೇಕು. ಇಲ್ಲಿ ಅನಸ್ತೇಶಿಯಾ ಹಾಳೆಯಲ್ಲಿ ಯಾರೋ ಬಲಕ್ಕೆ ಗುರುತು ಹಾಕಿದ್ದರು! ಚಿಕ್ಕಪ್ಪನ ಬಲಗಾಲಿಗೆ ಏನೂ ಆಗಿಲ್ಲ. ಫೋನಿನಲ್ಲಿ ಹೇಳಿದಾಗ, "ಪುಣ್ಯಕ್ಕೆ ಕಾಲೇ ಕೊಯ್ಯಲಿಲ್ಲವಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕೂತು ಡಾಕ್ಟರಿಗೆ ಒಂದು ಪತ್ರ ಬರೆದೆ, ಆಫೀಸಿನಲ್ಲಿ ಕ್ವೆರಿ ಬರೆಯುವ ಹಾಗೇ. ಕ್ವೆರಿಗೆ ಒಂದು ಶಿಸ್ತು ಇದೆ, ಉತ್ತರವನ್ನು ನಾವೇ ಬಾಯಿಗೆ ತುರುಕಬಾರದು. "ಎಡಗಾಲಿನ ಲಾಂಗ್ ಸಫೀನಸ್ ಪೂರ್ತಿ ತುಂಡಾಗಿತ್ತು ಅಂತ ಬರೆದುಕೊಡಿ" ಅನ್ನುವಂತಿಲ್ಲ. ಹೀಗೆ ಕೇಳಬೇಕು: ದಯವಿಟ್ಟು ಯಾವ ಬದಿಯ ಕಾಲು ಅಂತ ಸ್ಪಷ್ಟಪಡಿಸಿ. ಎಲ್‌ಎಸ್‌ವಿ ಎಂದರೆ ಯಾವ ನಾಳ ಅಂತ ಪೂರ್ತಿ ಹೆಸರು ಬರೆಯಿರಿ. ಆಪರೇಶನ್ ವೇಳೆ ನಾಳದ ಸ್ಥಿತಿ ಹೇಗಿತ್ತು ತಿಳಿಸಿ. ಚಿಕ್ಕಪ್ಪನ ಮಗ ಅದನ್ನು ಪ್ರಿಂಟ್ ಹಾಕಿಸಿ ಆಸ್ಪತ್ರೆಗೆ ಒಯ್ದ. ಎರಡು ಸಲ "ನಾಳೆ ಬನ್ನಿ" ಆಯಿತು. ಮೂರನೇ ಸಲ ಡಾಕ್ಟರೇ ಸಿಕ್ಕರು. ಪತ್ರ ಓದಿ, "ಇದನ್ನು ಯಾರು ಬರೆದದ್ದು?" ಅಂತ ಕೇಳಿ, ಲೆಟರ್‌ಹೆಡ್‌ನಲ್ಲಿ ಮೂರು ಸಾಲು ಬರೆದುಕೊಟ್ಟರಂತೆ. ಎಡಗಾಲು, ಕೆಳಗಿನ ಮೂರನೇ ಒಂದು ಭಾಗ, ಲಾಂಗ್ ಸಫೀನಸ್ ವೇನ್, ಪೂರ್ತಿ ತುಂಡಾಗಿತ್ತು, ಥಿಯೇಟರ್‌ನಲ್ಲಿ ಎರಡೂ ತುದಿ ಕಟ್ಟಲಾಯಿತು. ಫಾರಂನಲ್ಲಿ ಎಸ್81.9 ಜೊತೆ ಎಸ್85.3 ಸೇರಿತು. ಮುಂದಿನ ತಿಂಗಳು ಹಣ ಬಂತು.

ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪ ಪಂಚೆ ಎತ್ತಿ ಗಾಯದ ಗುರುತು ತೋರಿಸಿದರು. "ನರ ಕಟ್ಟಿಬಿಟ್ಟಿದ್ದಾರಲ್ಲ ಪುಟ್ಟಿ, ರಕ್ತ ಹೇಗೆ ಓಡುತ್ತದೆ?" ಅಂತ ಕೇಳಿದರು. ಅದು ಚರ್ಮದ ಕೆಳಗಿನ ನಾಳ, ಆಳದಲ್ಲಿ ಬೇರೆ ದೊಡ್ಡ ನಾಳಗಳಿವೆ, ಅವೇ ಹೆಚ್ಚಿನ ಕೆಲಸ ಮಾಡುತ್ತವೆ, ಹೃದಯದ ಬೈಪಾಸ್ ಮಾಡುವಾಗ ಇದೇ ನಾಳವನ್ನು ಕಾಲಿಂದ ತೆಗೆದು ಅಲ್ಲಿಗೆ ಹಾಕುತ್ತಾರೆ ಅಂತೆಲ್ಲ ಹೇಳಿದೆ. "ಮತ್ತೆ ಅದು ನರ ಅಲ್ಲ ಚಿಕ್ಕಪ್ಪ, ರಕ್ತನಾಳ" ಅಂದೆ. "ರಕ್ತ ಬಂತಲ್ಲ, ಅದೇ ನರ" ಎಂದರು. ಇದಕ್ಕೆ ನನ್ನ ಪುಸ್ತಕದಲ್ಲಿ ಉತ್ತರ ಇಲ್ಲ.

ಅಂಕ ಕೊಡಲೇಬೇಕು ಅಂದರೆ ಐದಕ್ಕೆ ನಾಲ್ಕು. ಅರ್ಧ ಅಂಕ ಸಾಸಿವೆ ಅಕ್ಷರಕ್ಕೆ ಕಳೆದೆ, ಇನ್ನರ್ಧ ಮಂಡಿಯಿಂದ ಕೆಳಗಿನ ತಾತ್ಸಾರಕ್ಕೆ. ಪರೀಕ್ಷೆಗೆ ಓದುವವರು ಆ ವರ್ಷದ್ದೇ ಕೊಳ್ಳಿ. ಪ್ರತಿ ಅಕ್ಟೋಬರ್ 1ಕ್ಕೆ ಕೋಡ್ ಬದಲಾಗುತ್ತವೆ, ಈಚೆಗೆ ಏಪ್ರಿಲ್‌ನಲ್ಲೂ ಕೆಲವು ಬರುತ್ತವೆ. ಸುಮ್ನೆ ಕಲಿಯಲು ನೋಡುವವರಿಗೆ ಹಳೆಯದೇ ಸಾಕು, ಕಾಲಿನ ವೇನ್‌ಗಳ ಪುಟ ನಾನು ಬಂದ ಮೇಲೆ ಅಲುಗಾಡಿಲ್ಲ. ಆಫೀಸಿನಲ್ಲಿ ಎನ್ಕೋಡರ್ ಇರುವ, ಪರೀಕ್ಷೆ ಮುಗಿಸಿದ ಅನುಭವಿಗಳು ಕೊಳ್ಳಬೇಕಾಗಿಲ್ಲ, ಪುಕ್ಕಟೆ ಪಿಡಿಎಫ್ ಇಟ್ಟುಕೊಳ್ಳಿ.

ನಾನು ಈ ಸಲ ಹೊಸದು ತರಿಸಿದೆ. ಹಳೆಯದನ್ನು ಪಿಜಿಯಲ್ಲಿ ಪಕ್ಕದ ರೂಮಿನ ಹುಡುಗಿಗೆ ಕೊಟ್ಟೆ, ಕೋರ್ಸಿಗೆ ಸೇರಿದ್ದಾಳೆ. ಎರಡು ದಿನ ಬಿಟ್ಟು ಬಾಗಿಲು ತಟ್ಟಿದಳು. ಎಸ್75ರ ಪುಟ ತೆರೆದು ಎಣ್ಣೆ ಕಲೆಯ ಮೇಲೆ ಬೆರಳಿಟ್ಟಿದ್ದಳು. "ಅಕ್ಕಾ, ಇಲ್ಲಿ ಪೆನ್ಸಿಲ್‌ನಲ್ಲಿ 'ಏನೂ ಹೇಳದಿದ್ದರೆ ಸಣ್ಣದು, ಆಪರೇಶನ್ ನೋಟ್ ಓದು' ಅಂತಿದೆಯಲ್ಲ, ಇದು ಪುಸ್ತಕದ ನಿಯಮಾನಾ, ನಿಮ್ಮದಾ?"

"ಮೊದಲರ್ಧ ಪುಸ್ತಕದ್ದು" ಅಂದೆ.